ಒಳಗೆ ಉಳಿದ ನೀಲಿ

ಇವತ್ತು ಮಾಲೂರಿನ ಬಟ್ಟೆ ಅಂಗಡೀಲಿ ಒಬ್ಬ ಹೆಂಗಸು ಬಟ್ಟೆಯ ತುದೀನ ಮುಷ್ಟೀಲಿ ಹಿಂಡಿ ಬಿಟ್ಟು, ಸುಕ್ಕು ನಿಲ್ಲುತ್ತಾ ಅಂತ ನೋಡ್ತಿದ್ದಳು. ನಮ್ಮಮ್ಮನೂ ಹೀಗೇ ನೋಡ್ತಿದ್ದಳು.

ನಾನು ಚಿಕ್ಕವಳಿದ್ದಾಗ ಇಟ್ಟಿಗೆ ಗೂಡಿನ ಕೆಲಸದಲ್ಲಿ ಅಪ್ಪನಿಗೆ ಕೆಮ್ಮು ಹಿಡಿದಿತ್ತು. ಆ ಚಳಿಗಾಲ ಅವನಿಗೆ ಮನೇಲೇ ಜಾಕೆಟ್ ಹೊಲೀತೀನಿ ಅಂತ ಅಮ್ಮ ಹಟ ಹಿಡಿದಳು. ಅಂಗಡಿಯವನು ಹರಡಿದ ಹೊಳೆಯೋ ಬಟ್ಟೆಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ದಪ್ಪ ನೀಲಿ ಉಣ್ಣೆ ಬಟ್ಟೆ ಆರಿಸಿದಳು. ಹೊಲಿದಮೇಲೆ ಕುಗ್ಗಬಾರದು ಅಂತ ಒಳಗಿನ ಲೈನಿಂಗ್ ಬಟ್ಟೇನ ಮೊದಲೇ ನೀರಲ್ಲಿ ನೆನೆಸಿ ಒಣಗಿಸಿದಳು. ಇಷ್ಟೆಲ್ಲ ಜಾಗ್ರತೆ ವಹಿಸಿದವಳು ಅಪ್ಪನ ಅಳತೆ ಮಾತ್ರ ತಗೊಳ್ಳಲಿಲ್ಲ. ನಾನು ಟೇಪ್ ತಂದುಕೊಟ್ಟರೆ, "ಅವರ ಅಳತೆ ನಂಗೊತ್ತಿಲ್ವೇನೇ?" ಅಂತ ರೇಗಿದಳು. ಅವನ ಹಳೇ ಅಂಗಿಯನ್ನ ಪೇಪರ್ ಮೇಲಿಟ್ಟು, ಗೆರೆ ಎಳೆದು ಕತ್ತರಿಸಿದಳು.

ಹಾಕ್ಕೊಂಡಾಗ ಅಪ್ಪ ಅದರೊಳಗೆ ಕಾಣೆಯಾದ. "ಯಾರಿಗೇ ಹೊಲಿದೆ ಇದನ್ನ?" ಅಂತ ನಕ್ಕ. ಆ ನಗು ಕೆಮ್ಮಾಗಿ ತಿರುಗಿತು.

ಅಮ್ಮ ಎರಡೂ ಪಕ್ಕ ಒಳಗೆ ಹಿಡಿದು ಮತ್ತೆ ಹೊಲಿದಳು. ಮಿಕ್ಕಿದ್ದನ್ನ ಕತ್ತರಿಸಿ ಬಿಸಾಕೇ ಅಂತ ಅಜ್ಜಿ ಅಂದರೆ, "ಇರಲಿ ಬಿಡಿ ಅತ್ತೆ, ಮೈ ತುಂಬಿಕೊಂಡಾಗ ಬಿಚ್ಚಬೇಕಲ್ಲ" ಅಂದಳು. ಮುಂದಿನ ತಿಂಗಳು ಇನ್ನೊಂದಿಷ್ಟು ಹಿಡಿದಳು. ಅದರ ಮುಂದಿನ ತಿಂಗಳೂ ಹಿಡಿದಳು. ಆಮೇಲೆ ಹಿಡಿಯೋ ಅಗತ್ಯ ಬೀಳಲಿಲ್ಲ. ಜಾಕೆಟ್ ಮಾತ್ರ ವರ್ಷಗಟ್ಟಲೆ ಬಿಸಿಲು ಬೀಳೋ ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡಿ, ಕೊನೆಗೆ ಪೆಟ್ಟಿಗೆ ಸೇರಿತು.

ಅಂಗಡಿಯಿಂದ ಬಂದವಳೇ ಅದನ್ನ ಪೆಟ್ಟಿಗೆಯಿಂದ ತೆಗೆದು, ಆ ಮೂರೂ ಸಾಲು ಹೊಲಿಗೆ ಬಿಚ್ಚಿದೆ. ಹೊರಗಿನದೆಲ್ಲ ಬಿಸಿಲಿಗೆ ಬೂದಿಬಣ್ಣ ಆಗಿದೆ. ಅಪ್ಪನಿಗೆ ಅಂತ ಅಮ್ಮ ಒಳಗೆ ಉಳಿಸಿದ್ದ ಬಟ್ಟೆ, ಅಂಗಡೀಲಿ ಆರಿಸಿದ ದಿನದ ಹಾಗೇ ನೀಲಿ.