ಹೊಗೆ ಮೂಸುವ ಭೀಮಣ್ಣ ಕಾಕಾ

ಭೀಮಣ್ಣ ಕಾಕಾ ಮೊದಲಿಗೇ ಬಾನೆಟ್ ಎತ್ತಿದ್ದನ್ನು ನಾನು ನೋಡಿಲ್ಲ. ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿ, ಆ ಅಂಗೈಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದರು, ಅತ್ತರು ಮೂಸುವವರ ಹಾಗೆ. ಆಮೇಲೆ ತೀರ್ಪು ಬರುತ್ತಿತ್ತು. "ಉಪವಾಸ ಅದ" ಎಂದರೆ ಇಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ. "ಹೊಟ್ಟಿ ತುಂಬ್ಯಾದ, ಆದ್ರೂ ಉಣ್ಲಿಕತ್ತದ" ಎಂದರೆ ಜಾಸ್ತಿ ಹೋಗುತ್ತಿದೆ.

ಡಿಪ್ಲೊಮಾ ಓದುವಾಗ ಎರಡು ಬೇಸಿಗೆ ರಜೆ ನಾನು ಮರಾಠಿ ಸೀಮೆಯ ಚಿಂಚವಾಡದಲ್ಲಿದ್ದ ಅವರ ಗ್ಯಾರೇಜಿನಲ್ಲಿ ಕೂತು ಡೈರಿಯಲ್ಲಿ ಗೀಟು ಎಳೆದಿದ್ದೇನೆ. ಮೂಸಿದ ಗಾಡಿ ನಲವತ್ತೊಂದು. ಪ್ಲಗ್ ಬಿಚ್ಚಿ ಮಸಿ ನೋಡಿದಾಗ ತೀರ್ಪು ಸರಿಯಾದದ್ದು ಮೂವತ್ತೆಂಟು. ತಪ್ಪಿದ ಮೂರನ್ನೂ ಅವರು ಒಪ್ಪಲಿಲ್ಲ.

"ಲೆಕ್ಕದ ಅಕ್ಕಾ, ಆ ಮೂರು ದಿನ ನನಗ ನೆಗಡಿ ಇತ್ತು. ಅದನ್ನೂ ಬರ್ಕೊರಿ."

ಬರೆದುಕೊಂಡೆ.

ಅವರು ಬೀದರ ಕಡೆಯವರು. ಪಿಂಪ್ರಿಯ ಒಂದು ಕಾರ್ಖಾನೆಯ ಗೋಡೆ ಕಟ್ಟಲು ಬಂದವರು, ಒಳಗೆ ಇಂಜಿನ್ ಓಡುವ ಸದ್ದು ಕೇಳಿ ಕರಣೆ ಕೆಳಗಿಟ್ಟರಂತೆ. ಮೆಕ್ಯಾನಿಕ್ಕುಗಳೆಲ್ಲ ಖಾಕಿ, ನೀಲಿ ತೊಟ್ಟರೆ ಇವರದು ಬಿಳಿ ಅಂಗಿ. "ಕಲಿ ಬಿದ್ರ ಕಾಣಬೇಕ್ರಿ, ಎಲ್ಲಿಂದ ಸೋರ್ತದ ಅಂತ ಗೊತ್ತಾಗ್ತದ" ಎನ್ನುತ್ತಿದ್ದರು. ಅದನ್ನು ಒಗೆಯುತ್ತಿದ್ದ ಹೆಂಡತಿ ಕಾಶೀಬಾಯಿಯವರಿಗೆ ಈ ತರ್ಕ ಎಂದೂ ಹಿಡಿಸಲಿಲ್ಲ. ಗ್ಯಾರೇಜಿನ ತಗಡಿನ ಸೂರಿನಡಿಯೇ ಅವರ ಖಾನಾವಳಿಯಿತ್ತು. ಒಂದು ಕಡೆ ಸ್ಪ್ಯಾನರಿನ ಸದ್ದು, ಇನ್ನೊಂದು ಕಡೆ ರೊಟ್ಟಿ ಬಡಿಯುವ ಸದ್ದು.

ಒಮ್ಮೆ ಸದಾಶಿವ ಪೇಠೆಯ ನಿವೃತ್ತ ಮೇಷ್ಟರೊಬ್ಬರು ಸ್ಕೂಟರ್ ತಂದರು. ಕಾಕಾ ಮೂಸಿ, ಇದರಲ್ಲಿ ಸೀಮೆಎಣ್ಣೆ ಬೆರೆತಿದೆ ಎಂದರು. "ಅಶಕ್ಯ!" ಎಂದು ಮೇಷ್ಟರು ಮರಾಠಿಯಲ್ಲಿ ಗುಡುಗಿ ಹೊರಟುಹೋದರು. ಎಂಟು ದಿನಕ್ಕೆ ತಾವೇ ಬಂದರು. ಸ್ಕೂಟರನ್ನು ಆಗಾಗ ಒಯ್ಯುತ್ತಿದ್ದ ಅವರ ಭಾವಮೈದುನ, ಪೆಟ್ರೋಲ್ ಕದ್ದು ಸೀಮೆಎಣ್ಣೆ ತುಂಬುವಾಗ ಸಿಕ್ಕಿಬಿದ್ದಿದ್ದ. "ಇನ್ನು ಮೇಲೆ ಮನೆಯವರನ್ನೂ ನಿಮ್ಮ ಹತ್ತಿರವೇ ಕರೆತರುತ್ತೇನೆ" ಎಂದು ಕೈಮುಗಿದರು.

ಇಂಥ ಮೂಗಿನ ಕಾಕಾ ನಮ್ಮ ಕಾರಿನ ಮುಂದೆ ಸೋತು ಕೂತದ್ದು ಎರಡು ಸಾವಿರದ ಮೂರರ ಜೂನ್‌ನಲ್ಲಿ. ಅದಕ್ಕೆ ಕಾರಣ ನಾನು.

ಅಪ್ಪ ಕೊಂಡಿದ್ದ ಹಳೆಯ ಕಾರಿನಲ್ಲಿ ಇಂಜಿನ್ನಿನ ಹೊಗೆ ಹೊರಹೋಗುವ ಬೀಡುಕಬ್ಬಿಣದ ಕೊಳವೆ ಸೀಳಿತ್ತು. ಅದೇ ಬೇಡ, ನಾಲ್ಕು ಉದ್ದ ಕೊಳವೆಗಳ ಹೆಡರ್ ಹಾಕಿಸೋಣ, ಇಂಜಿನ್ ಹಗುರಾಗಿ ಉಸಿರಾಡುತ್ತದೆ ಎಂದು ಹಟ ಹಿಡಿದವಳು ನಾನು. ಕಾಕಾ ಹಾಕಿದರು. ಕಾರು ಹುಲಿಯಂತೆ ಎದ್ದಿತು, ಜೊತೆಗೆ ಕಪ್ಪು ಹೊಗೆಯನ್ನೂ ಬಿಟ್ಟಿತು. ನಮ್ಮ ಕಾಲನಿಯಲ್ಲಿ ಒಣಹಾಕಿದ ಬಟ್ಟೆಗಳೆಲ್ಲ ಪೆಟ್ರೋಲ್ ನಾರಿದವು.

"ಹೊಟ್ಟಿ ತುಂಬ್ಯಾದ, ಆದ್ರೂ ಉಣ್ಲಿಕತ್ತದ" ಎಂದರು ಕಾಕಾ. ರೋಗವೇನೋ ತಿಳಿಯಿತು. ಆದರೆ ಅದು ಅವರು ಕೈಹಾಕಿದ ಮೊದಲ ಇಂಜೆಕ್ಷನ್ ಕಾರು. ಕಾರ್ಬ್ಯುರೇಟರ್ ಆಗಿದ್ದರೆ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡುತ್ತಿದ್ದರು. ಇಲ್ಲಿ ಪೆಟ್ರೋಲ್ ಅಳೆದು ಕೊಡುವುದು ಒಂದು ಕಂಪ್ಯೂಟರ್ ಡಬ್ಬಿ. ಸ್ಕ್ರೂ ಹುಡುಕಿ ಅರ್ಧ ದಿನ ಕಳೆಯಿತು. ಪ್ಲಗ್ ಬದಲಿಸಿದರು, ಫಿಲ್ಟರಿನ ಮುಚ್ಚಳ ತೆಗೆದು ಗಾಳಿ ಬಿಟ್ಟರು. "ಗಾಳಿ ಕೊಟ್ಟಷ್ಟೂ ಪೆಟ್ರೋಲ್ ಕೇಳ್ತದ, ಹರಾಮಿ!"

ಅಪ್ಪ ಭಾನುವಾರದ ಗಡುವು ಕೊಟ್ಟರು. ಕಾಕಾ ಇನ್ನೂ ದೊಡ್ಡ ಮಾತಾಡಿದರು: "ಇದು ಸುದ್ದ ಆಗ್ಲಿಲ್ಲಂದ್ರ ಇಂಜೆಕ್ಷನ್ ಗಾಡಿ ನಾ ಮುಟ್ಟಂಗಿಲ್ಲ." ಆಗಲೇ ಹೊಸ ಗಾಡಿಗಳೆಲ್ಲ ಇಂಜೆಕ್ಷನ್ನಿನವೇ ಬರುತ್ತಿದ್ದವು. ಮುಟ್ಟದಿದ್ದರೆ ಗ್ಯಾರೇಜು ಎಷ್ಟು ದಿನ ನಡೆದೀತು? ಅವರಿಗೂ ಗೊತ್ತಿತ್ತು, ನನಗೂ.

ಶನಿವಾರ ಬೆಳಿಗ್ಗೆ ನಾನು ಡೈರಿ ತೆಗೆದು ಓದಿದೆ. ಹೆಡರ್ ಹಾಕಿದ ಮೇಲೆ ಸದಾಶಿವ ಪೇಠೆಯ ಗದ್ದಲದಲ್ಲಿ ನಾಲ್ಕು ಸಲ ಓಡಿಸಿದ್ದೆವು: ಲೀಟರಿಗೆ ಎಂಟು ಕಿಲೋಮೀಟರು, ಕಪ್ಪು ಹೊಗೆ. ಶಿರೂರಿನ ಹೆದ್ದಾರಿಯಲ್ಲಿ ಎರಡು ಸಲ: ಹದಿನೈದು, ಹೊಗೆಯೇ ಇಲ್ಲ.

ಕಾಕಾ ಎದ್ದು ನಿಂತರು. "ಇನ್ನೊಮ್ಮೆ ಓದ್ರಿ."

ಓದಿದೆ. ಜೊತೆಗೆ ತಂದಿದ್ದ ಮ್ಯಾನ್ಯುಯಲ್ ನೋಡಿ ಕನ್ನಡದಲ್ಲಿ ಹೇಳಿದೆ: ಕೊಳವೆಯಲ್ಲಿರುವ ಸೆನ್ಸರ್ ಹೊಗೆಯನ್ನು ಪರೀಕ್ಷಿಸಿ ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ. ಚೆನ್ನಾಗಿ ಕಾದರೆ ಮಾತ್ರ ಅದು ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಕಂಪ್ಯೂಟರ್ ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತದೆ, ಒಂದು ಕೈ ಜಾಸ್ತಿಯೇ.

"ಹೊಸ ಸೊಸಿ ಉಪ್ಪು ಹಾಕ್ದಂಗ" ಎಂದರು ಕಾಶೀಬಾಯಿ. ರೊಟ್ಟಿ ಹಂಚಿಗೆ ಹಾಕುವುದನ್ನು ಬಿಟ್ಟು ಅವರೂ ಬಂದು ನಿಂತಿದ್ದರು. "ಏನ್ರಿ, ಹಂಚು ಕಾದಾದೋ ಇಲ್ಲೋ ನೋಡಾಕ ಇಷ್ಟು ಪುಸ್ತಕ ಯಾಕ ಬೇಕು?"

ಇಂಜಿನ್ ಸುಮ್ಮನೆ ಓಡುತ್ತಿತ್ತು. ಅವರು ಲೋಟದಲ್ಲಿ ಬೆರಳದ್ದಿ, ಇಂಜಿನ್ನಿಗೆ ಅಂಟಿದ ಕಡೆ ಕೊಳವೆಯ ಮೇಲೆ ನೀರು ಚಿಮುಕಿಸಿದರು. ಹನಿ ಚುರ್ರೆಂದು ಕುಣಿದು ಮಾಯವಾಯಿತು. ಆಮೇಲೆ ಬಗ್ಗಿ, ನಾಲ್ಕೂ ಕೊಳವೆ ಕೂಡುವಲ್ಲಿ, ಸೆನ್ಸರಿನ ಪಕ್ಕ ಚಿಮುಕಿಸಿದರು. ಅಲ್ಲಿ ಹನಿ ಕುಣಿಯಲೇ ಇಲ್ಲ. ಹಾಗೇ ಕೂತು ಮೆಲ್ಲಗೆ ಆರಿತು.

"ಈ ಹಂಚಿನ ಮ್ಯಾಲ ನಾ ರೊಟ್ಟಿ ಹಾಕಂಗಿಲ್ರಿ" ಎಂದು ಅವರು ಒಲೆಯ ಕಡೆ ನಡೆದರು.

ಕಾಕಾ ಬಗ್ಗಿ ಕೊಳವೆಯ ಉದ್ದ ನೋಡಿದರು. ಹಳೆಯ ಕೊಳವೆ ಗಿಡ್ಡ, ಸೆನ್ಸರ್ ಇಂಜಿನ್ನಿನ ಬುಡದಲ್ಲೇ ಇತ್ತು. ನಮ್ಮ ಉದ್ದ ಹೆಡರಿನಲ್ಲಿ ಅದು ಒಂದು ಮೊಳ ಆಚೆ ಹೋಗಿತ್ತು. ಹೆದ್ದಾರಿಯಲ್ಲಿ ಜೋರಾಗಿ ಓಡಿದಾಗ ಕಾಯುತ್ತಿತ್ತು, ಊರೊಳಗೆ ನಿಂತು ನಿಂತು ಸಾಗುವಾಗ ಆರಿಹೋಗುತ್ತಿತ್ತು.

ಕಾಕಾ ಸೈಕಲ್ ಹತ್ತಿ ಪಿಂಪ್ರಿಗೆ ಹೋದರು. ಕಾರ್ಖಾನೆಗಳಲ್ಲಿ ಬಿಸಿ ಆರದಂತೆ ಕೊಳವೆಗೆ ಸುತ್ತುವ ಗಾಜಿನೆಳೆಯ ಪಟ್ಟಿ ತಂದರು. ಇಂಜಿನ್ ಆರಿದ ಮೇಲೆ ನಾಲ್ಕೂ ಕೊಳವೆಗಳಿಗೆ, ಕೂಸಿಗೆ ಸುತ್ತುವಷ್ಟು ಜೋಪಾನವಾಗಿ ಸುತ್ತಿ ತಂತಿ ಬಿಗಿದರು.

ಭಾನುವಾರ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಸದಾಶಿವ ಪೇಠೆಯಲ್ಲಿ ಮೂರು ಸುತ್ತು ಹಾಕಿದೆವು. ಪ್ರತಿ ಸಿಗ್ನಲ್ಲಿನಲ್ಲೂ ಕಾಕಾ ಇಳಿದು, ಹಿಂದಿನ ರಿಕ್ಷಾದವರ ಬೈಗಳ ನಡುವೆ ಕೂತು ಮೂಸಿದರು. ಏಳನೆಯ ಸಿಗ್ನಲ್ಲಿನಲ್ಲಿ ಏಳಲೇ ಇಲ್ಲ. "ಕಾಯ್ ಝಾಲಂ ಹೋ?" ಏನಾಯಿತೆಂದು ಕೇಳುತ್ತ ಪೊಲೀಸನೂ ಬಂದ. ಕಾಕಾ ಕಣ್ಣು ತೆರೆದು ಅವನಿಗೇ ಹೇಳಿದರು, ಅದೂ ಕನ್ನಡದಲ್ಲಿ: "ಸಾಹೇಬ್ರ, ಹೊಟ್ಟಿ ತುಂಬ್ಯಾದ, ಕೈ ತೊಳ್ಕೊಂಡಾದ!"

ಅಪ್ಪ ಅಷ್ಟು ನಕ್ಕದ್ದು ಡೈರಿಯಲ್ಲಿ ಮತ್ತೆಲ್ಲೂ ಇಲ್ಲ.

ರಸ್ತೆ ಅಗಲವಾದಾಗ ಆ ತಗಡಿನ ಸೂರು ಹೋಯಿತು. ಗಂಡ ಹೆಂಡತಿ ಶಿರೂರಿಗೆ ಹೋಗಿ ಹೆದ್ದಾರಿಯ ಪಕ್ಕ ಶೆಡ್ ಹಾಕಿದರು. ನನಗೆ ನಾಸಿಕದಲ್ಲಿ ಕೆಲಸ ಸಿಕ್ಕಾಗ ಹೇಳಿಬರಲೆಂದು ಅದೇ ಕಾರಿನಲ್ಲಿ ಹೋದೆ. ಶೆಡ್ಡಿನ ಮುಂದೆ ಆರು ಕಾರು ಸಾಲಾಗಿ ನಿಂತಿದ್ದವು. ನೋಡುತ್ತ ಬಂದೆ: ಆರೂ ಇಂಜೆಕ್ಷನ್ನಿನವೇ. ಒಂದರ ಕೆಳಗಿನಿಂದ ಎರಡು ಕಾಲು ಚಾಚಿದ್ದವು.

"ಕಾಕಾ, ನಾನು ಬಂದೀನಿ" ಎಂದೆ.

"ಭಾಳ ಛಲೋ ಆತು," ಎಂದಿತು ಕಾರಿನ ಕೆಳಗಿನ ದನಿ, "ಸಾಲಿನ್ಯಾಗ ನಿಲ್ರಿ."

ಅದು ನಮ್ಮ ಕೊನೆಯ ಭೇಟಿ. ಮರುವರ್ಷ ಅವರು ಬೀದರಕ್ಕೆ ಹೋದರೆಂದು ಕೇಳಿದೆ, ಅವರ ವಿಳಾಸ ಯಾರ ಹತ್ತಿರವೂ ಇರಲಿಲ್ಲ. ಆದರೆ ಆ ದಿನ ನಾನು ಕಾರನ್ನು ಹಿಂದೆ ತಂದು, ಏಳನೆಯವಳಾಗಿ, ಖುಷಿಯಿಂದ ಸಾಲಿನಲ್ಲಿ ನಿಂತೆ.