ಇಬ್ಬನಿಯಲ್ಲಿ ಒದರಿದ ಪುಡಿ

ಹೋದ ಸೋಮವಾರ ಹಿರೇನಲ್ಲೂರಿನ ಸಿದ್ದಮ್ಮ ಮೊರದ ತುಂಬ ಸತ್ತ ಜೇನುನೊಣ ತಂದು ನನ್ನ ಮುಂದಿಟ್ಟರು.

'ಇದ್ಯಾವ ಕಾಯ್ಲೆ ಸ್ವಾಮಿ?'

ಊರೂರು ತಿರುಗಿ ಬೇಸಾಯ ಹೇಳಿಕೊಡುವ ಗ್ರಾಮಸೇವಕನಾದ ಮೇಲೆ ಎಲ್ಲದಕ್ಕೂ ಉತ್ತರ ಇರಬೇಕಲ್ಲ? (ಇದನ್ನು ಟ್ರೈನಿಂಗಿನಲ್ಲಿ ಯಾರೂ ಹೇಳಿಕೊಡುವುದಿಲ್ಲ, ತಾನಾಗಿ ಬರುತ್ತದೆ.) 'ಹವಾ ಬದಲಾಯ್ತಲ್ಲ, ಅದಕ್ಕಿರಬೇಕು' ಎಂದೆ.

ಸುಳ್ಳು. ನೊಣಗಳ ಮೈಗೆ ಬಿಳಿ ಪುಡಿ ಅಂಟಿದ್ದನ್ನು ಆಗಲೇ ನೋಡಿದ್ದೆ.

ಊರೆಲ್ಲ ಕಚ್ಚುತ್ತವೆಂದು ಹೆದರಿದಾಗ ಮೊದಲು ಜೇನುಪೆಟ್ಟಿಗೆ ಇಟ್ಟವರು ಈ ಸಿದ್ದಮ್ಮ. ಕೂಲಿ ಬಿಟ್ಟು ಜೇನನ್ನೇ ನಂಬಿದವರು. ನಂಬಿಸಿದವನು ನಾನು.

ಪೆಟ್ಟಿಗೆ ಇಟ್ಟಿರುವ ಅವರ ತೆಂಗಿನ ಸಾಲಿನ ಪಕ್ಕದಲ್ಲೇ ರಂಗಪ್ಪನವರ ಹುಚ್ಚೆಳ್ಳಿನ ಹೊಲ. ಈಗ ಹೂವೋ ಹೂವು. ಹಳೇ ಪಂಚೆಯ ತುಂಡಿನಲ್ಲಿ ಹುಳ ಕೊಲ್ಲುವ ಡಿ.ಡಿ.ಟಿ. ಪುಡಿ ಕಟ್ಟಿಕೊಂಡು, ಇಬ್ಬನಿ ಆರುವ ಮುಂಚೆ ಗಿಡದ ಮೇಲೆ ಒದರಿ ಎಂದು ರಂಗಪ್ಪನವರಿಗೆ ಹೇಳಿಕೊಟ್ಟವನು ಯಾರು? ಅದೂ ನಾನೇ. ಒದ್ದೆ ಎಲೆಗೆ ಪುಡಿ ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಆ ಬೆಳಗಿನ ಹೂವಿಗೇ ಜೇನೂ ಬರುತ್ತದೆ. ಪೆಟ್ಟಿಗೆಯ ಪಾಠ ಒಂದು ದಿನ, ಪುಡಿಯ ಪಾಠ ಇನ್ನೊಂದು ದಿನ. ಎರಡನ್ನೂ ಒಟ್ಟಿಗಿಟ್ಟು ನಾನು ಒಂದು ಸಲವೂ ಯೋಚಿಸಲಿಲ್ಲ.

ಗುರುವಾರ ತರೀಕೆರೆ ಕಡೆಯಿಂದ ಹೊಸ ಜೇನು ಕುಟುಂಬವೊಂದನ್ನು ಪೆಟ್ಟಿಗೆಯಲ್ಲಿಟ್ಟು ಸೈಕಲ್ ಮೇಲೆ ತಂದು, ಸಿದ್ದಮ್ಮನವರಿಗೆ ನಡೆದದ್ದನ್ನು ಹೇಳಿಬಿಟ್ಟೆ. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

'ಇವುನ್ನೂ ಸಾಯ್ಸಕ್ಕೆ ತಂದ್ರಾ? ಆ ಹೂವಿನ್ ಮೇಲೆ ಪುಡಿ ಇನ್ನೂ ಐತೆ. ಹೂವು ಮುಗೀಲಿ. ಮೊದ್ಲು ರಂಗಪ್ಪುಂಗೆ ಹೇಳಿ, ಹೋಗಿ.'

ನಾಚಿಕೆಯಾಯಿತು. ತಪ್ಪು ಒಪ್ಪಿಕೊಳ್ಳಲು ಹೋದವನು ಅದನ್ನೇ ಮತ್ತೆ ಮಾಡಲು ಹೊರಟಿದ್ದೆ.

ರಂಗಪ್ಪ ಹೊಲದಲ್ಲೇ ಇದ್ದರು. ಹುಳ ಎಷ್ಟು ಬಿದ್ದಿತ್ತು ಎಂದು ಕೇಳಿದೆ.

'ಹುಳ ಎಲ್ಲಿತ್ತು ಸ್ವಾಮಿ? ಬರದಂಗಿರ್ಲಿ ಅಂತ ಒದರ್ದೆ.'

ಹುಳ ಕಾಣದೆ ಪುಡಿ ಮುಟ್ಟಬೇಡಿ, ಹೂವಿದ್ದಾಗಲಂತೂ ಬೇಡವೇ ಬೇಡ ಎಂದೆ. ತೀರಾ ಬೇಕೆಂದರೆ ನೊಣ ಗೂಡು ಸೇರಿದ ಮೇಲೆ ಸಂಜೆ, ಅದೂ ಪೆಟ್ಟಿಗೆ ದೂರ ಸಾಗಿಸುವಂತೆ ಸಿದ್ದಮ್ಮನವರಿಗೆ ಮೊದಲೇ ಒಂದು ಮಾತು ಹೇಳಿ. ರಂಗಪ್ಪ ತಲೆಯಾಡಿಸಿದರು. ಆಮೇಲೆ ಕೇಳಿದರು:

'ನಂಗೇನೋ ಹೇಳಿದ್ರಿ. ಮಿಕ್ಕ ಊರ್ನೋರ್ಗೆ?'

ಹೊಸ ಜೇನು ಕುಟುಂಬ ಸದ್ಯ ನನ್ನ ಮನೆಯ ಜಗಲಿಯಲ್ಲಿದೆ. ಪುಡಿಯ ಪಾಠ ಹೇಳಿದ ಊರುಗಳ ಪಟ್ಟಿ ಮಾಡುತ್ತಾ ಕೂತಿದ್ದೇನೆ. ದೇವನೂರು ನೆನಪಿದೆ, ಬುಕ್ಕಾಂಬುಧಿ ನೆನಪಿದೆ. ಓದುಗರೇ, ಇನ್ನೂ ಯಾವ ಯಾವ ಊರಿನಲ್ಲಿ ನಾನು ಆ ಇಬ್ಬನಿಯ ಪಾಠ ಹೇಳಿದ್ದೇನೆ, ನಿಮಗೇನಾದರೂ ನೆನಪಿದೆಯೇ?