ಹರಳೆಣ್ಣೆ ಕುಡಿದ ಬಂದೂಕು, ಮಂಡಿಪೇಟೆಯ ಖುರ್ಷೀದಾ

ಈ ಸಲವೂ ಒಡೆದರೆ? ತಪ್ಪು ನನ್ನ ಕೈಯದೇ ಅನ್ನುತ್ತಾರೆ.

ದಾವಣಗೆರೆಯ ಮಂಡಿಪೇಟೆಯಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಬಂದೂಕು ರಿಪೇರಿ ಅಂಗಡಿಯ ಹಿಂಬದಿಯಲ್ಲಿ ಕೂತು, ಖುರ್ಷೀದಾ ಆಕ್ರೋಟು ಮರದ ತುಂಡೊಂದಕ್ಕೆ ಅಗಸೆ ಎಣ್ಣೆ ತಿಕ್ಕುತ್ತಿದ್ದಾಳೆ. ಈ ಅಳುಕನ್ನು ಅವಳು ಯಾರಿಗೂ ಹೇಳಿಲ್ಲ.

ಅಂಗಡಿಗೆ ಬಂದವರಿಗೆ ಕಾಣುವುದು ಮುಂದೆ ಕೂತ ತಂದೆ ಫಜಲುಲ್ಲಾ ಸಾಹೇಬರು ಮಾತ್ರ. ಕಬ್ಬಿಣ ಅವರದು, ಮರ ಇವಳದು. ಮದುವೆಯಾದ ಎರಡನೇ ವರ್ಷ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಹದಿನಾಲ್ಕು ವರ್ಷದಿಂದ ಬಂದೂಕುಗಳ ಮುರಿದ ಹಿಡಿ ಕೂಡಿಸುತ್ತಿದ್ದಾಳೆ. ಒಂದು ಹಿಡಿಗೆ ಹನ್ನೊಂದು ದಿನ: ಕೆತ್ತಲು ನಾಲ್ಕು, ಉಜ್ಜಲು ಮೂರು, ಎಣ್ಣೆ ಕುಡಿಸಲು ನಾಲ್ಕು. "ಮರ ಮಾತಾಡಂಗಿಲ್ಲ. ಅದಕ್ಕೇ ನನಗೂ ಅದಕ್ಕೂ ಸರಿಹೋಗೈತೆ" ಎಂದು ನಗುತ್ತಾಳೆ.

ಇವತ್ತು ಕೈಯಲ್ಲಿರುವುದು ಲೋಕಿಕೆರೆಯ ಪಂಚಾಕ್ಷರಪ್ಪನವರ ಬಂದೂಕಿನ ಮರ. ಹರಿಹರದಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬ ಸ್ವದೇಶಕ್ಕೆ ಹೊರಟಾಗ ಮಾರಿಹೋದ ಬಂದೂಕು ಅದು. ಒಂದು ತೋಟಾ ಹಾರಿದೊಡನೆ ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ. ಅಂಥದ್ದನ್ನು ಫಜಲುಲ್ಲಾ ಇನ್ನೊಂದು ಕಂಡಿಲ್ಲ. ಉಕ್ಕಿನ ಮೇಲೆ ಹಾರುವ ಬಾತುಕೋಳಿಗಳ ಕೆತ್ತನೆ. ದಸರೆಯ ಆಯುಧಪೂಜೆ ಮುಗಿದ ಮೇಲೆ ಅವುಗಳ ರೆಕ್ಕೆಯೊಳಗೆ ಸೇರಿದ ಕುಂಕುಮವನ್ನು ಖುರ್ಷೀದಾ ಪೊರಕೆ ಕಡ್ಡಿಯಿಂದ ಬಿಡಿಸುತ್ತಾಳೆ.

ಭದ್ರಾ ಕಾಲುವೆ ನೀರು ಬಂದ ಮೇಲೆ ಲೋಕಿಕೆರೆ ಕಡೆ ಕಬ್ಬು ಬಂತು, ಕಬ್ಬಿನ ಬೆನ್ನಿಗೇ ಕಾಡುಹಂದಿ ಬಂತು. ಹಂದಿಗೆಂದು ಹಾರಿಸಿದಾಗ, ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮರ ಎರಡು ಸಲ ಸೀಳಿತು. ಎರಡೂ ಸಲ ದಸರೆ ಆದ ಮೇಲೆಯೇ.

"ಇನ್ನೊಂದ್ಸಲ ಒಡೀತಂದ್ರೆ ಮರದ ಕೆಲ್ಸ ಹೊರಗಿನ ಬಡಿಗೇರಿಗೆ ಕೊಡೋಣ ಬೇಟಿ. ಅಂಗಡಿ ಮರ್ಯಾದಿ ಐತಲ್ಲ" ಎಂದಿದ್ದಾರೆ ತಂದೆ.

ಹನ್ನೊಂದು ದಿನದ ಹಿಂದೆ ಬಿಚ್ಚಿದಾಗ ಮರದೊಳಗೆ ಪೂಜೆಗೆ ಎರೆದ ಹರಳೆಣ್ಣೆ ಮಡುಗಟ್ಟಿತ್ತು. ಗುಂಡು ಹಾರಿದಾಗ ನಳಿಗೆ ಹಿಂದಕ್ಕೆ ಸರಿಯುತ್ತದೆ, ಒಳಗಿನ ಬಳೆಯೊಂದು ಅದನ್ನು ಬಿಗಿಹಿಡಿದು ತಡೆಯುತ್ತದೆ. ಎಣ್ಣೆಯಾದರೆ ಬಳೆ ಜಾರಿ, ಪೆಟ್ಟೆಲ್ಲ ಮರಕ್ಕೆ. ಖುರ್ಷೀದಾ ಬಳೆ ಒರೆಸಿ, ಕೈಯಿಂದಲೇ ಒತ್ತಿ ನೋಡಿದ್ದಾಳೆ: ಒಣಗಿದ್ದರೆ ಬಿಗಿಹಿಡಿಯುತ್ತದೆ. ಆದರೆ ಕಬ್ಬಿಣದ ಮಾತು ತಂದೆಯದು, ಪೂಜೆಯ ಮಾತು ಆ ಮನೆಯ ಹಿರಿಯರದು.

ಎಂಟು ಗಂಟೆಗೆ ಪಂಚಾಕ್ಷರಪ್ಪನವರು ತಾಯಿ ಮರುಳಸಿದ್ದಮ್ಮನವರೊಂದಿಗೆ ಬರುತ್ತಾರೆ.

"ಏನ್ ಸಾಹೇಬ್ರ, ಈ ಸಲನಾದ್ರೂ ಗಟ್ಟಿ ಐತೋ, ಇಲ್ಲಾ ಹಪ್ಪಳದಂಗೆ ಮುರಿಯುತ್ತೋ?"

"ಕೂಡ್ರಿ ಗೌಡ್ರ, ಹಂಗ ಅನಬ್ಯಾಡ್ರಿ."

"ನಾನಂತೂ ಕೂಸಿಗೆ ಎರೆದಂಗೆ ಎರೀತೀನಪ್ಪ" ಎನ್ನುತ್ತಾರೆ ಮರುಳಸಿದ್ದಮ್ಮ. "ಪೂಜಿ ದಿನ ಅರ್ಧ ಬಟ್ಟಲು ಹರಳೆಣ್ಣಿ ಕುಡೀತೈತಿ ನೋಡು!"

"ಕಬ್ಬಿಣಕ್ಕೆ ಎಣ್ಣಿ ಒಳ್ಳೇದೇ ಅಮ್ಮಾ. ಐಬು ಮರದ್ದೇ ಇರ್ಬೇಕು." ಮರ ಕೂಡಿಸುವ ಮುನ್ನ ಫಜಲುಲ್ಲಾ ಎಂದಿನಂತೆ ಎಣ್ಣೆಯ ಕುಪ್ಪಿಗೆ ಕೈಹಾಕುತ್ತಾರೆ.

ಖುರ್ಷೀದಾ ಸೆರಗು ಸರಿಮಾಡಿಕೊಂಡು ಹೊಸ್ತಿಲಿಗೆ ಬರುತ್ತಾಳೆ. ಅಪ್ಪನ ಕೈಯಿಂದ ಕುಪ್ಪಿ ತೆಗೆದು ಕೆಳಗಿಡುತ್ತಾಳೆ.

"ಐಬು ಮರದ್ದಲ್ಲ ಅಬ್ಬಾ. ಅಮ್ಮಾ, ಕುಂಕುಮ ಎಷ್ಟಾರ ಹಚ್ರಿ, ಬಿಡಿಸೋಕೆ ನಾನಿದೀನಿ. ಎಣ್ಣಿ ಮಾತ್ರ ಬ್ಯಾಡ. ಅದು ಒಳಗಿನ ಬಳೆ ಜಾರಿಸ್ತೈತೆ. ಕುಡಿಯೋದು ಕಬ್ಬಿಣ, ಒಡೆಯೋದು ನನ್ನ ಮರ."